ಎರಡು ಶೂ ಬಾಕ್ಸ್ ಹಿಡಿದು ಬಂದ ಹುಡುಗ

ಅದು 1910ರ ಜನವರಿ ತಿಂಗಳು. ಅಮೆರಿಕದ ನಟ್ಟನಡುವೆ ಇರೋ ಕನ್ಸಾಸ್ ಸಿಟಿ ಅನ್ನೋ ಊರು. ರೈಲಿನಿಂದ 18 ವರ್ಷದ ಒಬ್ಬ ಹುಡುಗ ಇಳೀತಾನೆ. ನೆಬ್ರಾಸ್ಕಾ ಕಡೆಯವನು. ಹೈಸ್ಕೂಲ್ ಕೂಡ ಮುಗಿಸಿಲ್ಲ. ಅವನ ಜೊತೆ ಎರಡು ಶೂ ಬಾಕ್ಸ್ ಇವೆ. ಒಳಗೆ ಶೂ ಇಲ್ಲ. ತುಂಬ ಪಿಕ್ಚರ್ ಪೋಸ್ಟ್‌ಕಾರ್ಡ್‌ಗಳು. ಅಂಗಡಿ ಹಾಕೋಕೆ ದುಡ್ಡಿಲ್ಲ, ಗೋಡೌನ್ ಇಲ್ಲ, ಊರಲ್ಲಿ ನೆಂಟರಿಲ್ಲ. ವೈಎಂಸಿಎಯಲ್ಲಿ ಒಂದು ರೂಮು ಹಿಡೀತಾನೆ. ಆ ರೂಮೇ ಆಫೀಸು, ಆ ರೂಮೇ ಗೋಡೌನು.

ಹುಡುಗನ ಹೆಸರು ಜಾಯ್ಸ್ ಹಾಲ್. ಆ ಎರಡು ಡಬ್ಬಿಯಿಂದ ಎದ್ದು ನಿಂತ ಕಂಪನಿಯ ಹೆಸರು ಹಾಲ್‌ಮಾರ್ಕ್. ಜಗತ್ತಿನ ಅತಿ ದೊಡ್ಡ ಗ್ರೀಟಿಂಗ್ ಕಾರ್ಡ್ ಕಂಪನಿಗಳಲ್ಲಿ ಒಂದು.

ಇಂಥ ಕಥೆ ಕೇಳಿದಾಗ ನಾವೆಲ್ಲ ಚಪ್ಪಾಳೆ ತಟ್ಟಿ ಮುಂದಿನ ಸುದ್ದಿಗೆ ಹೋಗಿಬಿಡ್ತೀವಿ. ‘ಶೂನ್ಯದಿಂದ ಶಿಖರಕ್ಕೆ’ ಅಂತ ಒಂದು ಹೆಡ್‌ಲೈನ್ ಹಾಕಿದರೆ ಕೆಲಸ ಮುಗೀತು. ಆದರೆ ನನಗೆ ಯಾವಾಗಲೂ ಕಾಡೋ ಪ್ರಶ್ನೆ ಬೇರೆ. ಶೂನ್ಯಕ್ಕೂ ಶಿಖರಕ್ಕೂ ನಡುವೆ ಏನಾಯ್ತು? ಒಂದು ತುಂಡು ಕಾಗದ, ಅದರ ಮೇಲೊಂದು ಚಿತ್ರ, ಒಳಗೆ ನಾಲ್ಕು ಸಾಲು. ಇದನ್ನ ಮಾರಿ ಬದುಕಬಹುದು ಅಂತ ಮೊದಲು ಯಾರಿಗೆ ಹೊಳೀತು? ಅವರಲ್ಲಿ ಯಾರು ಗೆದ್ದರು, ಯಾರು ಕೈ ಸುಟ್ಟುಕೊಂಡರು? ಯಾಕೆ?

ಈ ಪ್ರಶ್ನೆಗೆ ಉತ್ತರ ಹುಡುಕಬೇಕು ಅಂದ್ರೆ ಜಾಯ್ಸ್ ಹಾಲ್‌ನನ್ನ ಆ ರೂಮಿನಲ್ಲೇ ಸ್ವಲ್ಪ ಹೊತ್ತು ಕೂರಿಸಿ, ನಾವು ಒಮ್ಮೆ ಲಂಡನ್‌ಗೆ ಹೋಗಿಬರಬೇಕು. ಅಲ್ಲಿಂದಲೇ ಈ ವ್ಯಾಪಾರದ ಕಥೆ ಶುರುವಾಗೋದು.

ಲಂಡನ್, 1843ನೇ ಇಸವಿ. ಹೆನ್ರಿ ಕೋಲ್ ಅಂತ ಒಬ್ಬ ಸರ್ಕಾರಿ ಅಧಿಕಾರಿ. ಮಹಾ ಚಟುವಟಿಕೆಯ ಮನುಷ್ಯ. ಅದಕ್ಕೆ ಮೂರು ವರ್ಷ ಮೊದಲು, 1840ರಲ್ಲಿ, ಬ್ರಿಟನ್ನಿನಲ್ಲಿ ಒಂದು ದೊಡ್ಡ ಬದಲಾವಣೆ ಆಗಿತ್ತು. ಅದೇ ಪೆನ್ನಿ ಪೋಸ್ಟ್. ಅಲ್ಲೀವರೆಗೆ ಕಾಗದ ಎಷ್ಟು ದೂರ ಹೋಗುತ್ತೆ, ಎಷ್ಟು ಹಾಳೆ ಇದೆ ಅಂತ ಲೆಕ್ಕ ಹಾಕಿ ದುಡ್ಡು ವಸೂಲಿ ಮಾಡ್ತಿದ್ದರು. ಅದೂ ಸಾಮಾನ್ಯವಾಗಿ ಕಾಗದ ಪಡೆಯೋನ ಹತ್ತಿರ! ಯೋಚನೆ ಮಾಡಿ. ನಿಮಗೆ ಯಾರೋ ಶುಭಾಶಯ ಕಳಿಸ್ತಾರೆ, ಅದಕ್ಕೆ ನೀವು ದುಡ್ಡು ಕಟ್ಟಬೇಕು. ಅಂಥ ಶುಭಾಶಯ ಯಾರಿಗೆ ಬೇಕು? ರೋಲೆಂಡ್ ಹಿಲ್ ಅನ್ನೋ ಸುಧಾರಕ ಇದನ್ನ ತಲೆಕೆಳಗು ಮಾಡಿದ. ಅರ್ಧ ಔನ್ಸ್ ತೂಕದ ಕಾಗದ ದೇಶದ ಯಾವ ಮೂಲೆಗಾದರೂ ಹೋಗಲಿ, ಒಂದೇ ಪೆನ್ನಿ. ಕಳಿಸೋನೇ ಮೊದಲು ಸ್ಟಾಂಪ್ ಅಂಟಿಸಬೇಕು. ಈ ಯೋಜನೆಗಾಗಿ ಹಿಲ್ ಜೊತೆ ಓಡಾಡಿ ದುಡಿದವರಲ್ಲಿ ನಮ್ಮ ಹೆನ್ರಿ ಕೋಲ್ ಕೂಡ ಒಬ್ಬ.

ಈಗ ಅವನದೇ ಸಮಸ್ಯೆ ಅವನ ಕೊರಳಿಗೆ ಬಂತು. ಅಂಚೆ ಅಗ್ಗವಾಯ್ತಲ್ಲ, ಎಲ್ಲರೂ ಬರೆಯೋಕೆ ಶುರು ಮಾಡಿದರು. ಕ್ರಿಸ್‌ಮಸ್ ಬಂತು ಅಂದ್ರೆ ಪತ್ರಗಳ ರಾಶಿ. ಉತ್ತರ ಬರೀದಿದ್ದರೆ ಮರ್ಯಾದೆ ಪ್ರಶ್ನೆ. ಬರೀತಾ ಕೂತರೆ ಬೇರೆ ಕೆಲಸ ಆಗಲ್ಲ. ಕೋಲ್ ಏನು ಮಾಡಿದ? ಜಾನ್ ಹಾರ್ಸ್ಲಿ ಅನ್ನೋ ಚಿತ್ರಕಾರನಿಂದ ಒಂದು ಚಿತ್ರ ಬರೆಸಿದ. ನಡುವೆ ಒಂದು ಕುಟುಂಬ ಗ್ಲಾಸ್ ಎತ್ತಿ ಹಬ್ಬ ಮಾಡ್ತಿದೆ. ಎಡಕ್ಕೆ, ಬಲಕ್ಕೆ ಬಡವರಿಗೆ ಅನ್ನ, ಬಟ್ಟೆ ಕೊಡೋ ದೃಶ್ಯ. ಮೇಲೆ ಹೆಸರು ಬರೆಯೋಕೆ ಜಾಗ, ಕೆಳಗೆ ಸಹಿ ಹಾಕೋಕೆ ಜಾಗ. ಸುಮಾರು 1,000 ಪ್ರತಿ ಅಚ್ಚು ಹಾಕಿಸಿ, ಕೈಯಲ್ಲಿ ಬಣ್ಣ ತುಂಬಿಸಿದ. ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನ ಮಾರಾಟಕ್ಕಿಟ್ಟ. ವ್ಯಾಪಾರಕ್ಕೆ ಇಳಿದ ಮೊದಲ ಕ್ರಿಸ್‌ಮಸ್ ಕಾರ್ಡ್ ಇದು ಅಂತ ಇತಿಹಾಸ ಹೇಳುತ್ತೆ.

ಹೋಯ್ತಾ? ಇಲ್ಲ. ವ್ಯಾಪಾರ ಮಕಾಡೆ ಮಲಗಿತು.

ಯಾಕೆ ಅಂತ ನೋಡಿ. ಕಾರ್ಡಿನ ಬೆಲೆ ಒಂದು ಶಿಲ್ಲಿಂಗ್. ಒಂದು ಶಿಲ್ಲಿಂಗ್ ಅಂದ್ರೆ 12 ಪೆನ್ನಿ. ಅಂಚೆ ಖರ್ಚು ಒಂದು ಪೆನ್ನಿ, ಕಾರ್ಡಿನ ಬೆಲೆ 12 ಪೆನ್ನಿ! ಪೆನ್ನಿ ಪೋಸ್ಟ್ ಯಾರಿಗಾಗಿ ಬಂತೋ ಆ ಜನ ಈ ಕಾರ್ಡನ್ನ ಮುಟ್ಟೋ ಹಾಗೇ ಇರಲಿಲ್ಲ. ಅದರ ಮೇಲೆ ಇನ್ನೊಂದು ತಲೆನೋವು. ಚಿತ್ರದಲ್ಲಿ ಪುಟ್ಟ ಮಗುವಿನ ಬಾಯಿಗೂ ವೈನ್ ಹಿಡಿದಿದ್ದಾರೆ ಅಂತ ಮದ್ಯಪಾನ ವಿರೋಧಿಗಳು ಗಲಾಟೆ ಎಬ್ಬಿಸಿದರು. ಕೋಲ್‌ಗೇನು ನಷ್ಟ ಆಗಲಿಲ್ಲ ಬಿಡಿ. ಅವನಿಗೆ ಸರ್ಕಾರಿ ಸಂಬಳ ಇತ್ತು. ಮುಂದೆ 1851ರ ಲಂಡನ್ ಮಹಾಪ್ರದರ್ಶನವನ್ನ ಕಟ್ಟಿ ನಿಲ್ಲಿಸಿದವರಲ್ಲಿ ಅವನೂ ಒಬ್ಬ. ಇವತ್ತಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಮೊದಲ ನಿರ್ದೇಶಕನೂ ಅವನೇ. ಅಂದು ಮಾರಾಟವಾಗದ ಅದೇ ಕಾರ್ಡಿನ ಒಂದು ಪ್ರತಿ 2001ರ ಹರಾಜಿನಲ್ಲಿ 20 ಸಾವಿರ ಪೌಂಡ್‌ಗೂ ಹೆಚ್ಚು ಬೆಲೆಗೆ ಹೋಯ್ತು. ಹೋಗಿ ಏನು ಬಂತು? ವ್ಯಾಪಾರಿಗೆ ಬೇಕಾಗಿದ್ದು 158 ವರ್ಷ ಆದಮೇಲಿನ ದುಡ್ಡಲ್ಲ, ಆ ವರ್ಷದ ಡಿಸೆಂಬರ್‌ನ ದುಡ್ಡು.

ಗಾಳಿ ಬಂದಾಗ ತೂರಿಕೋ ಅಂತಾರೆ ನಮ್ಮ ಹಿರಿಯರು. ಆ ಗಾಳಿ ಎಬ್ಬಿಸಿದವರಲ್ಲಿ ಒಬ್ಬನಾದ ಕೋಲ್‌ಗೇ ತೂರಿಕೊಳ್ಳೋಕೆ ಆಗಲಿಲ್ಲ. ತೂರಿಕೊಂಡವಳು ಸಮುದ್ರದ ಆಚೆ ಇದ್ದ ಒಬ್ಬ ಹುಡುಗಿ.

ಅವಳ ಹೆಸರು ಎಸ್ತರ್ ಹೌಲ್ಯಾಂಡ್. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್ ಊರಿನವಳು. ಹೆಣ್ಣುಮಕ್ಕಳಿಗೆ ಉನ್ನತ ಶಿಕ್ಷಣ ಅನ್ನೋದೇ ಅಪರೂಪವಾಗಿದ್ದ ಕಾಲದಲ್ಲಿ ಮೌಂಟ್ ಹೋಲಿಯೋಕ್ ಅನ್ನೋ ಮಹಿಳಾ ವಿದ್ಯಾಲಯದಲ್ಲಿ ಓದಿ 1847ರಲ್ಲಿ ಹೊರಗೆ ಬಂದಳು. ಅಮೆರಿಕ ದೇಶ ತನ್ನ ಮೊದಲ ಅಂಚೆಚೀಟಿಗಳನ್ನ ಬಿಡುಗಡೆ ಮಾಡಿದ್ದೂ ಅದೇ 1847ರಲ್ಲಿ. ಅಪ್ಪನದು ಪುಸ್ತಕ, ಸ್ಟೇಷನರಿ ಅಂಗಡಿ. ಅಪ್ಪನ ವ್ಯಾಪಾರದ ಪರಿಚಯದವರಿಂದ ಅವಳಿಗೆ ಇಂಗ್ಲೆಂಡಿನ ಒಂದು ವ್ಯಾಲೆಂಟೈನ್ ಕಾರ್ಡ್ ಬಂತು. ಲೇಸಿನ ಹಾಗೆ ಕತ್ತರಿಸಿದ ಕಾಗದ, ಹೂವು, ಬಣ್ಣ. ಬೇರೆ ಹುಡುಗಿಯಾಗಿದ್ದರೆ ಪುಸ್ತಕದ ಒಳಗೆ ಜೋಪಾನವಾಗಿ ಇಟ್ಟುಕೊಳ್ತಿದ್ದಳೇನೋ. ಎಸ್ತರ್ ಅದನ್ನ ತಿರುಗಿಸಿ ಮುರುಗಿಸಿ ನೋಡಿ, ‘ಇದನ್ನ ನಾನೇ ಮಾಡಬಲ್ಲೆ’ ಅಂದುಕೊಂಡಳು.

ಲೇಸ್ ಕಾಗದ ತರಿಸಿದಳು. ಹತ್ತು ಹನ್ನೆರಡು ಸ್ಯಾಂಪಲ್ ಮಾಡಿದಳು. ಅವಳ ಅಣ್ಣತಮ್ಮಂದಿರಲ್ಲಿ ಒಬ್ಬ ಅಪ್ಪನ ಅಂಗಡಿಯ ಪರವಾಗಿ ಊರೂರು ತಿರುಗಿ ಆರ್ಡರ್ ಹಿಡಿಯೋನು. ಅವನ ಚೀಲಕ್ಕೆ ಸ್ಯಾಂಪಲ್‌ಗಳನ್ನ ಹಾಕಿ ಕಳಿಸಿದಳು. ಒಂದು 200 ಡಾಲರ್ ಆರ್ಡರ್ ಬಂದರೆ ಸಾಕು ಅನ್ನೋದು ಅವಳ ಲೆಕ್ಕ. ಅವನು ತಂದ ಆರ್ಡರ್ ಎಷ್ಟು ಗೊತ್ತಾ? 5,000 ಡಾಲರ್!

ಇಲ್ಲಿ ಒಂದು ನಿಮಿಷ ನಿಲ್ಲಿ. ಇದು ಖುಷಿ ಪಡೋ ಸುದ್ದಿ ಅನ್ನಿಸುತ್ತೆ ಅಲ್ವಾ? ಸಣ್ಣ ಉದ್ದಿಮೆ ನಡೆಸಿದವರನ್ನ ಕೇಳಿ ನೋಡಿ. ಆರ್ಡರ್ ಬರದೆ ಸಾಯೋ ವ್ಯಾಪಾರ ಇರೋ ಹಾಗೆ, ಆರ್ಡರ್ ಬಂದು ಸಾಯೋ ವ್ಯಾಪಾರವೂ ಇರುತ್ತೆ. ಒಬ್ಬಳೇ ಕೂತು ಕತ್ತರಿ, ಗೋಂದು ಹಿಡಿದು ಇಷ್ಟು ಕಾರ್ಡ್ ಮಾಡೋಕೆ ಸಾಧ್ಯವೇ ಇಲ್ಲ. ಮೇಲಾಗಿ ಫೆಬ್ರವರಿ 14ರ ಒಳಗೆ ಮಾಲು ತಲುಪಬೇಕು. ಫೆಬ್ರವರಿ 15ಕ್ಕೆ ವ್ಯಾಲೆಂಟೈನ್ ಕಾರ್ಡ್ ಅಂದ್ರೆ ಹಬ್ಬ ಮುಗಿದ ಮಾರನೇ ದಿನದ ಮಾವಿನ ತೋರಣ.

ಎಸ್ತರ್ ಗೆಳತಿಯರನ್ನ ಕರೆದಳು. ಮನೆಯ ಮೇಲಿನ ಅಂತಸ್ತಿನಲ್ಲಿ ಉದ್ದ ಮೇಜು ಹಾಕಿಸಿದಳು. ಒಬ್ಬಳು ಚಿತ್ರಗಳನ್ನ ಕತ್ತರಿಸೋದು. ಇನ್ನೊಬ್ಬಳು ಹಿನ್ನೆಲೆಯ ಕಾಗದ ಜೋಡಿಸೋದು. ಮತ್ತೊಬ್ಬಳು ಅದರ ಮೇಲೆ ಲೇಸ್, ಹೂವು ಅಂಟಿಸೋದು. ಮಾದರಿ ಮಾತ್ರ ಎಸ್ತರ್‌ದು. ಅದನ್ನ ನೋಡಿಕೊಂಡು ಕೈಯಿಂದ ಕೈಗೆ ಕಾರ್ಡ್ ಸಾಗೋದು, ಮೇಜಿನ ಕೊನೆಗೆ ಬರುವಾಗ ತಯಾರಾಗಿರೋದು. ಮನೆ ಬಿಟ್ಟು ಬರಲಾಗದ ಹೆಂಗಸರಿಗೆ ಡಬ್ಬಿಯಲ್ಲಿ ಸಾಮಾನು ತುಂಬಿಸಿ ಮನೆಗೇ ಕಳಿಸೋಳು. ಅವರು ಬಿಡುವಾದಾಗ ಮಾಡಿಟ್ಟ ಕಾರ್ಡುಗಳು ವಾಪಸ್ ಬರೋವು.

ನಾನು ಎಂಜಿನಿಯರಿಂಗ್ ಓದುವಾಗ ಅಸೆಂಬ್ಲಿ ಲೈನ್ ಅಂದ್ರೆ ಹೆನ್ರಿ ಫೋರ್ಡ್, ಕಾರ್ ಫ್ಯಾಕ್ಟರಿ, 1913. ಪರೀಕ್ಷೆಗೆ ಅಷ್ಟೇ ಬರೆದಿದ್ದು. ಫೋರ್ಡ್‌ನ ಸಾಧನೆ ದೊಡ್ಡದೇ, ಅವನ ಫ್ಯಾಕ್ಟರಿಯಲ್ಲಿ ಕಾರೇ ಚಲಿಸಿಕೊಂಡು ಕೆಲಸಗಾರನ ಮುಂದೆ ಬರ್ತಿತ್ತು. ಆದರೆ ಕೆಲಸವನ್ನ ತುಂಡು ಮಾಡಿ, ಒಬ್ಬೊಬ್ಬರಿಗೆ ಒಂದೊಂದು ತುಂಡು ಹಂಚೋ ಜಾಣತನವನ್ನ 20ರ ಆಸುಪಾಸಿನ ಒಬ್ಬ ಹುಡುಗಿ ಅದಕ್ಕೆ 60 ವರ್ಷ ಮೊದಲೇ ತನ್ನ ಮನೆಯ ಮೇಜಿನ ಮೇಲೆ ಮಾಡಿ ತೋರಿಸಿದ್ದಳು. ಅವಳ ಹೆಸರು ನಮ್ಮ ಯಾವ ಟೆಕ್ಸ್ಟ್ ಬುಕ್‌ನಲ್ಲೂ ಇರಲಿಲ್ಲ. ಆ ಮೇಜಿನ ಸುತ್ತ ಕೂತಿದ್ದ ಹೆಣ್ಣುಮಕ್ಕಳ ಹೆಸರಂತೂ ಕೇಳೋದೇ ಬೇಡ.

ಎಸ್ತರ್ ಮಾಡಿದ ಇನ್ನೊಂದು ಕೆಲಸ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತೆ. ಗಿರಾಕಿಗೆ ಕಾರ್ಡಿನ ಚಿತ್ರ ಇಷ್ಟವಾಗುತ್ತೆ, ಒಳಗಿನ ಸಾಲು ಇಷ್ಟವಾಗಲ್ಲ. ‘ಇಷ್ಟೆಲ್ಲ ಹೇಳೋಕೆ ನಾನು ರೆಡಿ ಇಲ್ಲಪ್ಪಾ’ ಅಂತ ಕಾರ್ಡ್ ಅಲ್ಲೇ ಇಟ್ಟು ಹೋಗ್ತಾನೆ. ಇದನ್ನ ಗಮನಿಸಿದ ಎಸ್ತರ್ 1879ರಲ್ಲಿ ಒಂದು ಪದ್ಯಗಳ ಪುಸ್ತಕವನ್ನೇ ಹೊರತಂದಳು. ನೂರಕ್ಕೂ ಹೆಚ್ಚು ಪದ್ಯ. ಬೇರೆ ಬೇರೆ ಅಳತೆ, ಬೇರೆ ಬೇರೆ ಬಣ್ಣ. ಗಿರಾಕಿ ತನ್ನ ಮನಸ್ಸಿಗೆ ಒಪ್ಪಿದ ಪದ್ಯವನ್ನ ಆರಿಸಿಕೊಂಡು, ಕಾರ್ಡಿನಲ್ಲಿ ಮೊದಲಿದ್ದ ಪದ್ಯದ ಮೇಲೆ ಅಂಟಿಸಿಕೊಳ್ಳಬಹುದು!

ಏನಿದರ ಅರ್ಥ? ಗಿರಾಕಿ ಅಂಗಡಿಗೆ ಬಂದಿರೋದು ಕಾಗದ ಕೊಳ್ಳೋಕಲ್ಲ. ಅವನ ಎದೆಯಲ್ಲಿ ಏನೋ ಇದೆ, ಬಾಯಿಗೆ ಬರ್ತಾ ಇಲ್ಲ. ಅವನ ಪರವಾಗಿ ಯಾರಾದರೂ ಹೇಳಿಕೊಟ್ಟರೆ ದುಡ್ಡು ಕೊಡೋಕೆ ತಯಾರಿದ್ದಾನೆ. ಆದರೆ ಆ ಮಾತು ಅವನ ಅಳತೆಗೆ ಸರಿಯಾಗಿರಬೇಕು. ದೊಡ್ಡದಾದರೆ ನಾಟಕ, ಚಿಕ್ಕದಾದರೆ ಅವಮಾನ. ಗ್ರೀಟಿಂಗ್ ಕಾರ್ಡ್ ವ್ಯಾಪಾರದ ಗುಟ್ಟು ಇಷ್ಟೇ. ಒಂದರ್ಥದಲ್ಲಿ ಇದು ದರ್ಜಿ ಕೆಲಸ. ಅಳತೆ ತಗೊಳ್ಳಬೇಕಾಗಿರೋದು ಮಾತಿಗೆ.

ಎಸ್ತರ್ ಮೂರು ದಶಕಕ್ಕೂ ಹೆಚ್ಚು ಕಾಲ ಈ ವ್ಯಾಪಾರ ನಡೆಸಿದಳು. 1870ರಲ್ಲಿ ನ್ಯೂ ಇಂಗ್ಲೆಂಡ್ ವ್ಯಾಲೆಂಟೈನ್ ಕಂಪನಿ ಅಂತ ಹೆಸರಿಟ್ಟಳು. ಕೊನೆಗೆ ಅಪ್ಪನ ಆರೋಗ್ಯ ಕೆಟ್ಟಾಗ, ಅವರನ್ನ ನೋಡಿಕೊಳ್ಳೋಕೆ ಅಂತ ಕಂಪನಿಯನ್ನ ಜಾರ್ಜ್ ವಿಟ್ನಿ ಅನ್ನೋ ವ್ಯಾಪಾರಿಗೆ ಮಾರಿಬಿಟ್ಟಳು. ಜಗತ್ತಿಗೆಲ್ಲ ಪ್ರೇಮದ ಕಾರ್ಡ್ ಹಂಚಿದವಳು ಮದುವೆ ಆಗಲಿಲ್ಲ.

ಅದೇ ಹೊತ್ತಿಗೆ ಬಾಸ್ಟನ್‌ನಲ್ಲಿ ಲೂಯಿ ಪ್ರಾಂಗ್ ಅನ್ನೋ ಮುದ್ರಕ ಕ್ರಿಸ್‌ಮಸ್ ಕಾರ್ಡನ್ನ ಬೇರೆ ಎತ್ತರಕ್ಕೆ ಒಯ್ದಿದ್ದ. 1848ರ ಕ್ರಾಂತಿಯ ನಂತರ ಯೂರೋಪಿನಿಂದ ಓಡಿಬಂದು ಅಮೆರಿಕದಲ್ಲಿ ನೆಲೆ ಕಂಡವನು. ಕಲ್ಲಚ್ಚಿನಲ್ಲಿ ಒಂದರ ಮೇಲೊಂದು ಬಣ್ಣ ಹಾಕಿ, ಕೈಯಲ್ಲಿ ಬರೆದ ಚಿತ್ರದ ಹಾಗೇ ಕಾಣೋ ಕಾರ್ಡ್ ಮಾಡ್ತಿದ್ದ. 1880ರ ದಶಕದ ಆರಂಭಕ್ಕೆ ವರ್ಷಕ್ಕೆ ಸುಮಾರು 50 ಲಕ್ಷ ಕಾರ್ಡ್. ಕ್ವಾಲಿಟಿಯಲ್ಲಿ ಅವನನ್ನ ಮೀರಿಸೋರಿಲ್ಲ. ಆದರೆ 1890ರ ದಶಕದ ಹೊತ್ತಿಗೆ ಜರ್ಮನಿಯಿಂದ ಅಗ್ಗದ ಕಾರ್ಡುಗಳು ಬಂದು ಬಿದ್ದವು. ಪ್ರಾಂಗ್ ಬೆಲೆ ಇಳಿಸೋಕೆ ಕ್ವಾಲಿಟಿ ಇಳಿಸಲಿಲ್ಲ. ಕಾರ್ಡ್ ಮಾಡೋದನ್ನೇ ಬಿಟ್ಟ. ‘ಒಳ್ಳೆ ಮಾಲಿಗೆ ಯಾವತ್ತೂ ಬೆಲೆ ಇದೆ’ ಅಂತ ವೇದಿಕೆ ಮೇಲೆ ನಿಂತು ಹೇಳೋರು ಪ್ರಾಂಗ್‌ನ ಕಥೆಯನ್ನೂ ಹೇಳಬೇಕು.

ಸರಿ, ಈಗ ನಮ್ಮ ಹುಡುಗನ ರೂಮಿಗೆ ವಾಪಸ್ ಬರೋಣ.

1910. ಅಮೆರಿಕದಲ್ಲಿ ಪಿಕ್ಚರ್ ಪೋಸ್ಟ್‌ಕಾರ್ಡಿನ ಹುಚ್ಚು. ಅದಕ್ಕೂ ಕಾರಣ ಅಂಚೆ ಇಲಾಖೆಯೇ. 1907ರ ಮಾರ್ಚ್‌ವರೆಗೆ ಪೋಸ್ಟ್‌ಕಾರ್ಡಿನ ಹಿಂಬದಿಯಲ್ಲಿ ವಿಳಾಸ ಮಾತ್ರ ಬರೆಯಬೇಕಿತ್ತು. ಸುದ್ದಿ ಬರೆಯೋಕೆ ಚಿತ್ರದ ಅಂಚಿನಲ್ಲಿ ಜಾಗ ಹುಡುಕಬೇಕು. ನಿಯಮ ಬದಲಾಯಿತು. ಹಿಂಬದಿಯ ಅರ್ಧದಲ್ಲಿ ವಿಳಾಸ, ಅರ್ಧದಲ್ಲಿ ಸುದ್ದಿ. ಒಂದೇ ಒಂದು ಗೆರೆ! ಆ ಗೆರೆ ಎಳೆದಿದ್ದೇ ತಡ, ಪೋಸ್ಟ್‌ಕಾರ್ಡ್ ಮಾರಾಟ ಮುಗಿಲಿಗೆ ಹೋಯ್ತು. ಜಾಯ್ಸ್ ಹಾಲ್ ಮತ್ತು ಅವನ ಅಣ್ಣಂದಿರು ನೆಬ್ರಾಸ್ಕಾದ ನಾರ್ಫೋಕ್ ಊರಿನಲ್ಲಿ ಪುಸ್ತಕದ ಅಂಗಡಿ ನಡೆಸ್ತಾ ಇದೇ ಗಾಳಿಗೆ ಪೋಸ್ಟ್‌ಕಾರ್ಡ್ ವ್ಯಾಪಾರಕ್ಕೆ ಇಳಿದಿದ್ದರು. ಊರು ಚಿಕ್ಕದಾಯ್ತು ಅಂತ ಜಾಯ್ಸ್ ಕನ್ಸಾಸ್ ಸಿಟಿಗೆ ಬಂದ.

ಅವನು ಮಾಡಿದ್ದೇನು ಗೊತ್ತಾ? 100 ಕಾರ್ಡುಗಳ ಒಂದೊಂದು ಕಟ್ಟು ಮಾಡಿ, ಸುತ್ತಮುತ್ತಲಿನ ಊರುಗಳ ಅಂಗಡಿಗಳಿಗೆ ಬಿಲ್ ಸಮೇತ ಪೋಸ್ಟ್ ಮಾಡಿದ. ಆ ಅಂಗಡಿಯವರು ಕೇಳಿರಲಿಲ್ಲ! ಇವನು ಯಾರು ಅಂತಲೂ ಅವರಿಗೆ ಗೊತ್ತಿಲ್ಲ. ಕೆಲವರು ಬೈದು ವಾಪಸ್ ಕಳಿಸಿದರು. ಕೆಲವರು ಕಾರ್ಡ್ ಇಟ್ಟುಕೊಂಡು ದುಡ್ಡು ಕೊಡಲೇ ಇಲ್ಲ. ಕೆಲವರು ಮಾತ್ರ ಚೆಕ್ ಕಳಿಸಿದರು. ಆ ‘ಕೆಲವರು ಮಾತ್ರ’ ಇದ್ದಾರಲ್ಲ, ಅವರೇ ಅವನ ಬಂಡವಾಳ. ಕೆಲವೇ ತಿಂಗಳಲ್ಲಿ 200 ಡಾಲರ್ ಉಳಿಯಿತು, ಬ್ಯಾಂಕಿನಲ್ಲಿ ಖಾತೆ ತೆರೆದ. ಮರುವರ್ಷ ಅಣ್ಣ ರೋಲಿ ಬಂದು ಸೇರಿಕೊಂಡ. ಹಾಲ್ ಬ್ರದರ್ಸ್ ಹುಟ್ಟಿತು.

ಆದರೆ ಜಾಯ್ಸ್ ಒಂದು ವಿಷಯ ಗಮನಿಸಿದ್ದ. ಪೋಸ್ಟ್‌ಕಾರ್ಡ್ ಹುಚ್ಚು ಇಳೀತಾ ಇದೆ. ಯಾಕಿರಬಹುದು? ಪೋಸ್ಟ್‌ಕಾರ್ಡ್ ತೆರೆದ ಬಾಗಿಲು. ಪೋಸ್ಟ್‌ಮ್ಯಾನ್ ಓದ್ತಾನೆ, ಪಕ್ಕದ ಮನೆಯವರು ಓದ್ತಾರೆ, ಮನೆಯಲ್ಲಿ ಯಾರ ಕೈಗೆ ಮೊದಲು ಸಿಗುತ್ತೋ ಅವರು ಓದ್ತಾರೆ. ಮನಸ್ಸಿನ ಮಾತನ್ನ ಹಾಗೆ ಬೀದಿಯಲ್ಲಿ ಕಳಿಸೋಕಾಗಲ್ಲ. ಜನರಿಗೆ ಮುಚ್ಚಿದ ಕವರ್ ಬೇಕು. ಹಾಗಾಗಿ 1912ರ ಹೊತ್ತಿಗೇ ಕವರ್ ಸಮೇತ ಬರೋ ಗ್ರೀಟಿಂಗ್ ಕಾರ್ಡುಗಳ ಕಡೆಗೆ ಹೊರಳಿದ. ಬೇರೆಯವರು ಮುದ್ರಿಸಿದ್ದನ್ನ ತಂದು ಮಾರೋದು, ಅಷ್ಟೇ.

ಇಲ್ಲೀವರೆಗೆ ಎಲ್ಲ ಚೆನ್ನಾಗಿತ್ತು. ಬಂತು ನೋಡಿ 1915ರ ಜನವರಿ 11.

ಬೆಂಕಿ. ಅಂಗಡಿ, ಗೋಡೌನು, ಇದ್ದ ಅಷ್ಟೂ ಕಾರ್ಡು ಬೂದಿ. ವ್ಯಾಲೆಂಟೈನ್ ದಿನಕ್ಕೆ ಉಳಿದಿದ್ದು 34 ದಿನ. ಅಂದ್ರೆ ಸೀಸನ್‌ಗಾಗಿ ಸಾಲದ ಮೇಲೆ ತಂದು ತುಂಬಿಸಿಟ್ಟ ಮಾಲು ಅದು. ಮಾಲು ಸುಟ್ಟುಹೋಯ್ತು, ಸಾಲ ಸುಡಲಿಲ್ಲ. 17,000 ಡಾಲರ್ ಸಾಲ ತಲೆ ಮೇಲೆ ಹಾಗೇ ಕೂತಿತ್ತು. ಜಾಯ್ಸ್‌ಗೆ ಆಗ 23 ವರ್ಷ.

ಇವತ್ತು ನಮ್ಮಲ್ಲಿ ಒಂದು ಸಣ್ಣ ಅಂಗಡಿಗೆ ಹೀಗಾದರೆ ಏನಾಗುತ್ತೆ ಅಂತ ನಾವು ದಿನಾ ಸುದ್ದಿಯಲ್ಲಿ ನೋಡ್ತೀವಿ. ಹಾಲ್ ಸಹೋದರರ ಮುಂದೆ ಇದ್ದ ದಾರಿ ಎರಡು. ಊರು ಬಿಡೋದು ಅಥವಾ ಇನ್ನಷ್ಟು ಸಾಲ ಮಾಡೋದು. ಅವರು ಎರಡನೇದನ್ನ ಆರಿಸಿಕೊಂಡರು. ಅದೂ ಹೇಗೆ? ಹಳೇ ಮಾಲನ್ನ ಮತ್ತೆ ತಂದು ತುಂಬಿಸೋಕಲ್ಲ. ಸಾಲ ತಂದು ಒಂದು ಎನ್‌ಗ್ರೇವಿಂಗ್ ಕಂಪನಿಯನ್ನ, ಅಂದ್ರೆ ಅಚ್ಚಿನ ಪಡಿಯಚ್ಚು ಕೊರೆಯೋ ಕಂಪನಿಯನ್ನ ಕೊಂಡರು. ಇನ್ನು ಮೇಲೆ ಬೇರೆಯವರ ಕಾರ್ಡ್ ಮಾರೋದಿಲ್ಲ, ನಮ್ಮದನ್ನೇ ಮಾಡ್ತೀವಿ ಅಂದರು. ಆಗ ಯೂರೋಪಿನಲ್ಲಿ ಮೊದಲ ಮಹಾಯುದ್ಧ ನಡೀತಿತ್ತು. ಅಮೆರಿಕದ ಪೇಟೆಯನ್ನ ಆಳ್ತಿದ್ದ ಜರ್ಮನಿಯ ಕಾರ್ಡುಗಳು ಬರೋದೇ ದುಸ್ತರವಾಗಿತ್ತು. ಪ್ರಾಂಗ್‌ನನ್ನ ಮುಳುಗಿಸಿದ ಅಲೆ ಈಗ ಹಿಂದೆ ಸರಿದಿತ್ತು. ಧೈರ್ಯದ ಜೊತೆ ಕಾಲವೂ ಕೂಡಿಬಂತು ಅನ್ನೋದನ್ನ ನಾವು ಮುಚ್ಚಿಡಬಾರದು.

ಎರಡು ವರ್ಷ ಕಳೀತು. 1917ರ ಕ್ರಿಸ್‌ಮಸ್ ಸೀಸನ್. ಅವರ ಅಂಗಡಿಯಲ್ಲಿ ಉಡುಗೊರೆ ಸುತ್ತೋ ತೆಳು ಕಾಗದ ಖಾಲಿ. ಆಗ ಬಿಳಿ, ಕೆಂಪು, ಹಸಿರು, ಹೀಗೆ ಬರೀ ಒಂದೇ ಬಣ್ಣದ ಕಾಗದ ಬಳಸೋ ರೂಢಿ. ಗಿರಾಕಿಗಳು ಕೌಂಟರ್ ಮುಂದೆ ನಿಂತಿದ್ದಾರೆ. ಏನು ಮಾಡೋದು? ಕವರುಗಳ ಒಳಮೈಗೆ ಹಚ್ಚೋಕೆ ಅಂತ ಫ್ರಾನ್ಸ್‌ನಿಂದ ತರಿಸಿದ್ದ ಚಿತ್ತಾರದ ಹಾಳೆಗಳಿದ್ದವು. ಅದನ್ನೇ ಹಾಳೆಗೆ 10 ಸೆಂಟ್‌ನಂತೆ ಕೌಂಟರ್ ಮೇಲಿಟ್ಟರು. ಎಲ್ಲ ಖಾಲಿ! ಮರುವರ್ಷ ಮತ್ತೆ ಇಟ್ಟರು, ಮತ್ತೆ ಖಾಲಿ. ಇವತ್ತು ಹುಟ್ಟುಹಬ್ಬಕ್ಕೆ ಹೋಗುವಾಗ ನೀವು ಸುತ್ತಿಸಿಕೊಳ್ಳೋ ಬಣ್ಣಬಣ್ಣದ ಗಿಫ್ಟ್ ಪೇಪರ್ ವ್ಯಾಪಾರ ಬೆಳೆದಿದ್ದು ಆ ಕೌಂಟರ್‌ನಿಂದ.

1928ರಲ್ಲಿ ಕಾರ್ಡಿನ ಹಿಂದೆ ಹಾಲ್‌ಮಾರ್ಕ್ ಅಂತ ಮುದ್ರಿಸೋಕೆ ಶುರು ಮಾಡಿದರು. ನಮ್ಮ ಅಕ್ಕಸಾಲಿಗರ ಅಂಗಡಿಯಲ್ಲಿ ಕೇಳೋ ಅದೇ ಹಾಲ್‌ಮಾರ್ಕ್. ಚಿನ್ನ ಬೆಳ್ಳಿಯ ಶುದ್ಧತೆಗೆ ಹಾಕೋ ಮುದ್ರೆ. ಅದರಲ್ಲಿ ತನ್ನ ಮನೆತನದ ಹೆಸರು ‘ಹಾಲ್’ ಕೂಡ ಇದೆ ಅನ್ನೋದು ಜಾಯ್ಸ್‌ಗೆ ಇಷ್ಟವಾಗಿತ್ತು. ಆ ಕಾಲದಲ್ಲಿ ಅಂಗಡಿಯವರು ಕಾರ್ಡುಗಳನ್ನ ಡ್ರಾಯರ್ ಒಳಗೆ ಇಟ್ಟಿರೋರು. ಗಿರಾಕಿ ಕೇಳಬೇಕು, ಅವರು ತೆಗೆದು ತೋರಿಸಬೇಕು. ಯೋಚಿಸಿ, ಯಾರ ಮೇಲೆ ಮನಸ್ಸಾಗಿದೆ, ಯಾರ ಜೊತೆ ಮುನಿಸಾಗಿದೆ ಅಂತ ಅಂಗಡಿಯವನ ಮುಂದೆ ಹೇಳಿಕೊಳ್ಳೋಕಾಗುತ್ತಾ? 1930ರ ದಶಕದಲ್ಲಿ ಹಾಲ್ ತೆರೆದ ಸ್ಟ್ಯಾಂಡ್‌ಗಳನ್ನ ತಂದ. ಗಿರಾಕಿ ತಾನೇ ನಿಂತು, ತೆಗೆದು, ಓದಿ, ಮನಸ್ಸಿಗೆ ಬಂದದ್ದನ್ನ ಆರಿಸಿಕೊಳ್ಳಬಹುದು. ನೋಡಿ, ಮುಚ್ಚಿದ ಕವರ್ ಕೂಡ ಅದೇ ಸೂಕ್ಷ್ಮ, ತೆರೆದ ಸ್ಟ್ಯಾಂಡ್ ಕೂಡ ಅದೇ ಸೂಕ್ಷ್ಮ. ನಾಚಿಕೆ ಇರೋ ಮನುಷ್ಯನಿಗೆ ದಾರಿ ಮಾಡಿಕೊಡೋದು.

ಈಗ ನಮ್ಮ ದೇಶಕ್ಕೆ ಬರೋಣ. 1979ನೇ ಇಸವಿ ಭಾರತದ ಕಾರ್ಡ್ ವ್ಯಾಪಾರಕ್ಕೆ ವಿಶೇಷ. ಆ ವರ್ಷ ದಿಲ್ಲಿಯಲ್ಲಿ ಅನಿಲ್ ಮೂಲ್‌ಚಂದಾನಿ ಆರ್ಚೀಸ್ ಶುರು ಮಾಡಿದರು. ಮೊದಲು ಮಾರಿದ್ದು ಪೋಸ್ಟರ್, ಹಾಡಿನ ಪುಸ್ತಕ. ಅದೂ ಅಂಚೆ ಮೂಲಕ. ಕಾರ್ಡ್ ಬಂದಿದ್ದು ಆಮೇಲೆ. ಅದೇ 1979ರಲ್ಲಿ ಮುಂಬೈಯಲ್ಲಿ ರಿಪ್ಪನ್ ಕಪೂರ್ ಅನ್ನೋ ವಿಮಾನ ಸಿಬ್ಬಂದಿ, ಗೆಳೆಯರ ಜೊತೆ ಸೇರಿ 50 ರೂಪಾಯಿಯಲ್ಲಿ ಕ್ರೈ ಸಂಸ್ಥೆ ಕಟ್ಟಿದರು. ಬಡ ಮಕ್ಕಳಿಗಾಗಿ ದುಡ್ಡು ಕೂಡಿಸೋಕೆ ಅವರು ಹಿಡಿದ ದಾರಿಗಳಲ್ಲಿ ಮುಖ್ಯವಾದದ್ದು ಗ್ರೀಟಿಂಗ್ ಕಾರ್ಡ್ ಮಾರಾಟ. ಒಬ್ಬರದು ವ್ಯಾಪಾರ, ಇನ್ನೊಬ್ಬರದು ಸೇವೆ. ಇಬ್ಬರೂ ನಂಬಿದ್ದು ಮಡಚಿದ ಒಂದು ಕಾಗದವನ್ನ.

ನಮ್ಮ ಕರ್ನಾಟಕದಲ್ಲಂತೂ ಕಾರ್ಡ್ ಅಂದ್ರೆ ಹೊಸ ವರ್ಷ ಮತ್ತು ಸಂಕ್ರಾಂತಿ. ಡಿಸೆಂಬರ್ ಬಂತು ಅಂದ್ರೆ ಸ್ಟೇಷನರಿ ಅಂಗಡಿ ಮುಂದೆ ದಾರ ಕಟ್ಟಿ ಕಾರ್ಡ್ ನೇತು ಹಾಕೋರು. ಹೂವು, ಜಲಪಾತ, ದೇವರು, ಸಿನಿಮಾ ನಟರು. ಎಷ್ಟೋ ಕಾರ್ಡುಗಳು ಶಿವಕಾಶಿಯಲ್ಲಿ ಅಚ್ಚಾಗಿ ಬಂದಿರೋವು. ಕವರ್ ಅಂಟಿಸದೆ, ಮೇಲೆ ‘ಬುಕ್ ಪೋಸ್ಟ್’ ಅಂತ ಬರೆದರೆ ಕಡಿಮೆ ಸ್ಟಾಂಪ್ ಸಾಕು ಅನ್ನೋ ಲೆಕ್ಕ ಆ ಕಾಲದ ಮಕ್ಕಳಿಗೆಲ್ಲ ಬಾಯಿಪಾಠ. ನನ್ನ ವಯಸ್ಸಿನವರು ಆ ಸಂಭ್ರಮದ ಕೊನೆಯ ಸಾಲಿನಲ್ಲಿ ನಿಂತವರು. ಆಮೇಲೆ ಮೊಬೈಲ್ ಬಂತು. 2003ರಲ್ಲಿ ಇನ್‌ಕಮಿಂಗ್ ಕರೆ ಉಚಿತವಾಯ್ತು. ಎಸ್ಸೆಮ್ಮೆಸ್ ಬಂತು, ವಾಟ್ಸಾಪ್ ಬಂತು. 2013ರ ಜುಲೈನಲ್ಲಿ ಟೆಲಿಗ್ರಾಂ ಸೇವೆಯೇ ನಿಂತುಹೋಯ್ತು. ಕಾರ್ಡ್ ಅಂಗಡಿಗಳು ಒಂದೊಂದಾಗಿ ಟೆಡ್ಡಿ ಬೇರ್, ಕಾಫಿ ಮಗ್ ಮಾರೋಕೆ ಶುರು ಮಾಡಿದವು.

ಹಾಗಾದರೆ ಈ ವ್ಯಾಪಾರದ ಕಥೆ ಮುಗೀತಾ? ಕಾಲೇಜು ಮುಗಿಸಿದ ಹೆಣ್ಣುಮಕ್ಕಳು, ಮನೆಯಲ್ಲೇ ಕೂತು ಏನಾದರೂ ಮಾಡಬೇಕು ಅನ್ನೋ ಗೃಹಿಣಿಯರು ಕೈಯಿಂದ ಕಾರ್ಡ್ ಮಾಡಿ ಇನ್‌ಸ್ಟಾಗ್ರಾಂನಲ್ಲಿ ಫೋಟೋ ಹಾಕೋದನ್ನ ನೀವೂ ನೋಡಿರ್ತೀರಿ. ಮನೆಯವರು ಕೇಳೋದು ಒಂದೇ ಪ್ರಶ್ನೆ: ‘ಈ ಕಾಲದಲ್ಲಿ ಇದನ್ನ ಯಾರಮ್ಮಾ ತಗೋತಾರೆ?’

ಆ ಪ್ರಶ್ನೆಯನ್ನ ತಳ್ಳಿಹಾಕಬೇಡಿ. ಸರಿಯಾದ ಪ್ರಶ್ನೆಯೇ. 180 ವರ್ಷಕ್ಕೂ ಹೆಚ್ಚಿನ ಈ ಕಥೆ ಓದಿದ ಮೇಲೆ ನನಗೆ ಅನ್ನಿಸೋದು ಇಷ್ಟು. ಪ್ರತಿ ಸಲ ಅಂಚೆಯ ದಾರಿ ಬದಲಾದಾಗ ಹಳೇ ಕಾರ್ಡ್ ವ್ಯಾಪಾರ ಸತ್ತಿದೆ, ಬೇರೆ ರೂಪದ್ದು ಹುಟ್ಟಿದೆ. ಪೆನ್ನಿ ಪೋಸ್ಟ್ ಬಂದು ಕಾರ್ಡ್ ಹುಟ್ಟಿತು. ಒಂದು ಗೆರೆ ಎಳೆದಾಗ ಪೋಸ್ಟ್‌ಕಾರ್ಡ್ ಎದ್ದಿತು. ಅದು ಬಿದ್ದಾಗ ಕವರ್ ಎದ್ದಿತು. ಈಗ ಸಂದೇಶ ಕಳಿಸೋದು ಪೂರ್ತಿ ಉಚಿತ. ಹಬ್ಬದ ಬೆಳಗ್ಗೆ ಎದ್ದರೆ ಫೋನಿನಲ್ಲಿ 200 ದೀಪ, 200 ರಂಗೋಲಿ. ಅದರಲ್ಲಿ ನಮಗೆ ಅಂತಲೇ ಬಂದದ್ದು ಎಷ್ಟು? ಹಬ್ಬದ ಶುಭಾಶಯವನ್ನ ಕಾಗದದಲ್ಲಿ ಮಾರೋಕೆ ಹೊರಟರೆ ಕೈ ಸುಟ್ಟುಕೊಳ್ತೀರಿ, ಯಾಕಂದ್ರೆ ಆ ಕೆಲಸವನ್ನ ಫೋನು ಪುಕ್ಕಟೆ ಮಾಡ್ತಿದೆ. ಆದರೆ ಫಾರ್ವರ್ಡ್ ಮಾಡಿ ಹೇಳೋಕಾಗದ ಮಾತುಗಳು ಇನ್ನೂ ಇವೆ. ಮಗ ತೀರಿಕೊಂಡ ಮನೆಗೆ ಏನು ಹೇಳೋದು? ಹತ್ತು ವರ್ಷದಿಂದ ಮಾತು ಬಿಟ್ಟ ತಮ್ಮನಿಗೆ ಹೇಗೆ ಶುರು ಮಾಡೋದು? ಅಪ್ಪನಿಗೆ ಥ್ಯಾಂಕ್ಸ್ ಹೇಳೋ ರೂಢಿಯೇ ನಮ್ಮಲ್ಲಿಲ್ಲ. ಅವರಿಗೆ ಕನ್ನಡದಲ್ಲಿ ಹೇಗೆ ಹೇಳೋದು? ಇಂಗ್ಲಿಷ್ ಕಾರ್ಡುಗಳ ರಾಶಿಯಲ್ಲಿ ಈ ಮಾತುಗಳಿಗೆ ಕನ್ನಡದ ಅಳತೆಯ ಕಾರ್ಡ್ ಹುಡುಕಿ ನೋಡಿ. ಎಷ್ಟು ಸಿಗುತ್ತೆ?

ಹಾಗಂತ ಕೆಲಸ ಬಿಟ್ಟು ನಾಳೆಯೇ ಇಳಿಯಿರಿ ಅಂತ ನಾನು ಹೇಳಲ್ಲ. ಕೋಲ್‌ನಿಂದ ಬೆಲೆಯ ಲೆಕ್ಕ ಕಲೀರಿ. ಕಾರ್ಡಿನ ಬೆಲೆ, ಕೊರಿಯರ್ ಬೆಲೆ ಎರಡನ್ನೂ ಕೂಡಿಸಿ, ಗಿರಾಕಿಯ ಕಣ್ಣಿನಿಂದ ನೋಡಿ. ಎಸ್ತರ್‌ಳ ಹಾಗೆ ಹತ್ತು ಹನ್ನೆರಡು ಸ್ಯಾಂಪಲ್ ಮಾಡಿ, ಆರ್ಡರ್ ನೋಡಿ ಮೇಜು ದೊಡ್ಡದು ಮಾಡಿ. ಒಂದೇ ಸೀಸನ್ ನಂಬಿ ಸಾಲದ ಮಾಲು ತುಂಬಿಸಿದರೆ ಏನಾಗುತ್ತೆ ಅಂತ ಜನವರಿ 11ರ ಬೂದಿಯನ್ನ ಕೇಳಿ.

ಕಾಗದದ ಕಾಲ ಮುಗೀತು ಅನ್ನೋರು ಒಮ್ಮೆ ಬೆಂಗಳೂರಿನ ಚಿಕ್ಕಪೇಟೆ, ಸುಲ್ತಾನ್‌ಪೇಟೆ ಕಡೆ ಮದುವೆ ಸೀಸನ್‌ನಲ್ಲಿ ಹೋಗಿಬನ್ನಿ. ಲಗ್ನಪತ್ರಿಕೆ ಅಂಗಡಿಗಳಲ್ಲಿ ಅಳಿಯನ ಕಡೆಯವರು, ಮಗಳ ಕಡೆಯವರು ಕೂತು ಗಂಟೆಗಟ್ಟಲೆ ಕಾರ್ಡ್ ಆರಿಸ್ತಿರ್ತಾರೆ. ಇನ್ವಿಟೇಶನ್‌ನ ಪಿಡಿಎಫ್ ಆಗಲೇ ಎಲ್ಲರ ವಾಟ್ಸಾಪ್‌ಗೆ ಹೋಗಿರುತ್ತೆ. ಆದರೂ ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಪತ್ರಿಕೆ ಹಿಡಿದು ಮನೆಮನೆಗೆ ಹೋಗಲೇಬೇಕು. ಯಾಕಂದ್ರೆ ಪ್ರತಿ ವಂಶದಲ್ಲೂ ಒಬ್ಬ ದೊಡ್ಡಮ್ಮ ಇರ್ತಾರೆ. ಅವರು ಮದುವೆಗೆ ಬರದಿದ್ದರೆ ಮದುವೆ ನಡೆದ ಹಾಗೇ ಅಲ್ಲ. ಮತ್ತು ಅವರು ಕೇಳೋದು ಒಂದೇ ಮಾತು: ‘ಪತ್ರಿಕೆ ಮನೆಗೆ ತಂದು ಕೊಟ್ಟರೇನು?’